ಯಾವ ಕಷ್ಟಕ್ಕೆ ಯಾವ ಸಂತರು

ಈ ಸಂಚಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಜೂನ್ 13 ಹತ್ರ ಬಂದಿರತ್ತೆ, ಪಾದುವಾದ ಸಂತ ಅಂತೋನಿ ಹಬ್ಬ. ನಮ್ಮ ಸಂಘದಲ್ಲಿ ಶಿವಮೊಗ್ಗ, ಸಾಗರ, ಕೊಪ್ಪ ಕಡೆಯ ಕ್ಯಾಥೋಲಿಕ್ ಮನೆಗಳೂ ಇದಾವಲ್ಲ, ಅದಕ್ಕೆ ಈ ಸಲ ಸಂತರ ಸುದ್ದಿ.

ಕಾರ್ ಕೀ ಕಳೀಲಿ ಪಾಸ್‌ಪೋರ್ಟ್ ಕಳೀಲಿ, ಅವರು ಮೊದಲು ಹೇಳ್ಕೊಳ್ಳೋದು ಅಂತೋನಿಯವರಿಗೇ. ಮಠ ಬಿಟ್ಟು ಓಡಿಹೋದ ಹುಡುಗನೊಬ್ಬ ಇವರ ಕೀರ್ತನೆ ಪುಸ್ತಕಾನೂ ಎತ್ಕೊಂಡು ಹೋಗಿದ್ನಂತೆ, ಇವರು ಪ್ರಾರ್ಥನೆ ಮಾಡಿದ್ಮೇಲೆ ಪುಸ್ತಕಾನೂ ಬಂತು, ಹುಡುಗನೂ ಬಂದ. ಮಲೆನಾಡಿನೋರಿಗೆ ಇದು ಹೊಸದೇನಲ್ಲ, ಅಡಿಕೆ ತೋಟದ ಬೇಲಿಗೆ ಸಿಗಂದೂರು ಚೌಡಮ್ಮನ ಬೋರ್ಡ್ ತೂಗುಹಾಕಿ ನಿಶ್ಚಿಂತೆಯಾಗಿ ಮಲಗೋ ಜನ ನಾವು. ಆದ್ರೆ ಅಲ್ಲಿ ಹೆದರ್ಬೇಕಾದವನು ಕಳ್ಳ, ಇಲ್ಲಿ ಬೇಡ್ಕೋಬೇಕಾದವನು ಕಳ್ಕೊಂಡವನು. ಅದೂ ಅಲ್ದೆ ಸಂತರು ದೇವರಲ್ಲ, ನಮ್ಮ ಪರವಾಗಿ ದೇವರ ಹತ್ರ ಕೇಳೋರು ಅಷ್ಟೆ, ಇದನ್ನ ಕ್ಯಾಥೋಲಿಕರು ಒತ್ತಿ ಹೇಳ್ತಾರೆ.

ನಂಗೆ ಮಜಾ ಅನ್ಸೋದು ಯಾವ ಕಷ್ಟ ಯಾವ ಸಂತರ ಪಾಲಿಗೆ ಅನ್ನೋ ಈ ಖಾತೆ ಹಂಚಿಕೆ. ಎಷ್ಟೋ ಸಲ ಅವರವರು ಪಟ್ಟ ಪಾಡೇ ಅವರವರ ಖಾತೆ! 249ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಅಪೊಲೋನಿಯಾ ಅನ್ನೋ ಹೆಂಗಸಿನ ಹಲ್ಲೆಲ್ಲ ಉದುರೋ ಹಾಗೆ ಹೊಡೆದ್ರು, ಈಗ ಹಲ್ಲುನೋವಿಗೆ ಅವರೇ, ಚಿತ್ರದಲ್ಲೂ ಇಕ್ಕಳದಲ್ಲಿ ಒಂದು ಹಲ್ಲು ಹಿಡ್ಕೊಂಡು ನಿಂತಿರ್ತಾರೆ. 258ರಲ್ಲಿ ರೋಮ್‌ನಲ್ಲಿ ಸತ್ತ ಸಂತ ಲಾರೆನ್ಸರನ್ನ ಕಬ್ಬಿಣದ ಸರಳಿನ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿದ್ರಂತೆ, ಅವರು "ಈ ಕಡೆ ಬೆಂದಾಯ್ತು, ಮಗುಚಿ ಹಾಕಿ" ಅಂದ್ರಂತೆ. ತಲೆ ಕಡಿದೇ ಕೊಂದಿರ್ಬೇಕು ಅಂತಾರೆ ಇತಿಹಾಸ ಬಲ್ಲವರು, ಆದ್ರೆ ಅಡುಗೆಯವರು ಯಾಕೆ ಕೇಳ್ತಾರೆ, ಅವರಿಗೆ ಲಾರೆನ್ಸೇ ಪಾಲಕ ಸಂತ. ಆಗುಂಬೆ ಘಾಟಿ ಇಳಿದು ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಚರ್ಚಿಗೆ ಹೋದೋರಿಗೆ ಇವರ ಪರಿಚಯ ಇದ್ದೇ ಇರತ್ತೆ. 2016ರಲ್ಲಿ ಅದು ಬೆಸಿಲಿಕಾ, ಅಂದ್ರೆ ಪೋಪರಿಂದ ವಿಶೇಷ ಮಾನ ಪಡೆದ ಚರ್ಚ್ ಆಯ್ತು, ಜನವರಿ ಜಾತ್ರೆಗೆ ಕ್ಯಾಂಡಲ್ ಹಿಡ್ಕೊಂಡು ಕ್ಯೂ ನಿಂತವರಲ್ಲಿ ಹಣೆಗೆ ಕುಂಕುಮ ಇಟ್ಟವರೂ ಬೇಕಾದಷ್ಟು ಜನ.

ಪರೀಕ್ಷೆಗೆ ಕುಪರ್ತಿನೋದ ಜೋಸೆಫ್, 17ನೇ ಶತಮಾನದವರು. ಓದು ತಲೆಗೆ ಹತ್ತದ ಮನುಷ್ಯ, ಬೈಬಲಿನ ಸುವಾರ್ತೆಯ ಒಂದೇ ಒಂದು ಭಾಗ ಚೆನ್ನಾಗಿ ಬರ್ತಿತ್ತು, ಪಾದ್ರಿ ಆಗೋ ದಾರಿಯ ಪರೀಕ್ಷೇಲಿ ಬಿಷಪ್ಪರು ಸರಿಯಾಗಿ ಅದನ್ನೇ ಕೇಳಿದ್ರು. ಮುಂದಿನ ಪರೀಕ್ಷೇಲಿ ಮೊದಲ ಕೆಲವರು ಚೆನ್ನಾಗಿ ಹೇಳಿದ್ರು ಅಂತ ಉಳಿದೋರನ್ನ ಕೇಳದೇ ಪಾಸ್ ಮಾಡಿದ್ರಂತೆ, ಉಳಿದೋರಲ್ಲಿ ಇವರೂ ಒಬ್ರು. ಮನೇಲಿ ಪರೀಕ್ಷೆಗೆ ಕೂತ ಮಕ್ಕಳಿದ್ರೆ ಈ ಪ್ಯಾರಾ ಓದಿ ಹೇಳ್ಬೇಡಿ.

ಕೆಲವು ಖಾತೆ ಮಾತ್ರ ಪೋಪರೇ ಕೊಟ್ಟಿದ್ದು. ಹಾಸಿಗೆ ಹಿಡಿದಿದ್ದ ಅಸಿಸಿಯ ಸಂತ ಕ್ಲಾರಾಗೆ ಕ್ರಿಸ್‌ಮಸ್ ರಾತ್ರಿ ದೂರದ ಚರ್ಚಿನ ಪೂಜೆ ತನ್ನ ಕೋಣೆಯಲ್ಲೇ ಕಂಡಿತ್ತಂತೆ, ಅದನ್ನ ನೆನೆದು 1958ರಲ್ಲಿ ಪೋಪ್ ಹನ್ನೆರಡನೇ ಪಯಸ್ ಕ್ಲಾರಾರನ್ನ ಟೀವಿಗೆ ಪಾಲಕಿ ಮಾಡಿದ್ರು.

ನಿಮ್ಮನೇಲಿ ಅಜ್ಜಿ, ಅಮ್ಮ ಎಲ್ಲ ಯಾವ ಕಷ್ಟಕ್ಕೆ ಯಾರಿಗೆ ಹರಕೆ ಹೊರ್ತಿದ್ರು ಬರೆದು ಕಳ್ಸಿ, ಅತ್ತೂರು ಜಾತ್ರೆಯ ಹಳೇ ಫೋಟೋ ಇದ್ರೆ ಅದನ್ನೂ. ಮುಂದಿನ ಸಂಚಿಕೇಲಿ ಎರಡು ಪುಟ ಖಾಲಿ ಇಟ್ಟಿದೀನಿ.