ಬಾನೆಟ್ ಖಾಲಿ ಇದೆ

ಮಾನ್ಯ ಸಂಪಾದಕರೇ,

ನನ್ನ ತಮ್ಮ ರ‍್ಯಾಲಿ ಕಾರು ಓಡಿಸುತ್ತಾನೆ, ಅಂದರೆ ಮಣ್ಣು ರಸ್ತೆಯ ರೇಸು. ಸಂಡೂರು ಕಡೆಯ ಕೆಂಪು ಧೂಳಿನಲ್ಲೇ ಕೈ ಪಳಗಿದವನು. ಹೋದ ತಿಂಗಳು ಪ್ರಾಯೋಜಕರನ್ನು ಹುಡುಕಿಕೊಂಡು ಬಳ್ಳಾರಿಯ ಒಂದು ಕಂಪನಿಗೆ ಹೋಗಿದ್ದೆವು. ಬೆಳಿಗ್ಗೆ 10ಕ್ಕೆ ಹೋದವರನ್ನು ಸಂಜೆ 4ರವರೆಗೆ ಕೂರಿಸಿ, ‘ಇನ್‌ಸ್ಟಾದಲ್ಲಿ ಎಷ್ಟು ಜನ ಫಾಲೋ ಮಾಡ್ತಾರೆ?’ ಅಂತ ಕೇಳಿ, ಚಹಾ ಕುಡಿಸಿ, ಒಂದು ಕ್ಯಾಲೆಂಡರ್ ಕೈಗಿಟ್ಟು ಕಳಿಸಿದರು. ಕ್ಯಾಲೆಂಡರ್ ಚೆನ್ನಾಗಿದೆ ಬಿಡಿ.

ತಂಡದವರು ಸೀಟು ಇದೆ, ದುಡ್ಡು ನೀವೇ ತನ್ನಿ ಅಂತಾರೆ. ಸ್ವಂತ ಕಾರಿನಲ್ಲೇ ಇಳಿಯೋಣ ಅಂದರೆ ಕಾರು ಪಲ್ಟಿಯಾದರೆ ಒಳಗಿದ್ದವರನ್ನು ಕಾಪಾಡುವ ರೋಲ್ ಕೇಜ್, ಬೆಂಕಿ ತಾಳುವ ಸೂಟು, ಟೈರು, ಪ್ರವೇಶ ಶುಲ್ಕ, ಪಕ್ಕದಲ್ಲಿ ಕೂತು ತಿರುವು ಓದಿ ಹೇಳುವ ನ್ಯಾವಿಗೇಟರ್, ಎಲ್ಲಕ್ಕೂ ನಮ್ಮ ಗ್ಯಾರೇಜಿನ ದುಡಿಮೆಯೇ ಆಗಬೇಕು. ಒಂದು ಕಲ್ಲು ತಗುಲಿ ಸಸ್ಪೆನ್ಷನ್ ಮುರಿದರೆ ನಮಗೆ ಆ ವರ್ಷವೇ ಮುಗೀತು.

2015ರಲ್ಲಿ ನಮ್ಮ ರಾಜ್ಯದವರೇ ಆದ ಸಿ.ಎಸ್. ಸಂತೋಷ್ ಬೈಕಿನಲ್ಲಿ, ಜಗತ್ತಿನ ಅತಿ ಕಠಿಣ ರೇಸುಗಳಲ್ಲಿ ಒಂದಾದ ಡಾಕರ್ ರ‍್ಯಾಲಿ ಮುಗಿಸಿದರು. 2019ರಲ್ಲಿ ರ‍್ಯಾಲಿ ಕಾರು ಚಾಲಕ ಗೌರವ್ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂತು. ಆದರೂ ನಮ್ಮ ಕಡೆ ‘ಅದು ದುಡ್ಡಿದ್ದವರ ಆಟ ಅಲ್ವಾ’ ಅಂತಲೇ ಮಾತು. ಕ್ರಿಕೆಟ್ ಟೂರ್ನಿಗೆ ಕಪ್ಪು, ಪೆಂಡಾಲು ಕೊಡುವವರು ಒಂದು ಸ್ಟಿಕ್ಕರ್ ಅಂಟಿಸಿ ಟೈರಿನ ಖರ್ಚಾದರೂ ಕೊಡಬಹುದಲ್ವಾ? ಕಾರು ಗ್ಯಾರೇಜಿನ ಹಿಂದೆ ಟಾರ್ಪಾಲಿನ ಕೆಳಗಿದೆ, ಬಾನೆಟ್ ಪೂರ್ತಿ ಖಾಲಿ ಇದೆ.

— ಒಬ್ಬ ಮೆಕ್ಯಾನಿಕ್, ಬಳ್ಳಾರಿ