ಅಪ್ಪನ ಸ್ಕ್ಯಾನ್ ವರದಿ: ಅವ್ವನಿಗೆ ಪತ್ರ

ಲೀಡ್ಸ್, ಭಾನುವಾರ ರಾತ್ರಿ

ಅವ್ವನಿಗೆ ನಮಸ್ಕಾರ. ನಾವು ಕ್ಷೇಮ. ಚಳಿ ಇದೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ.

ನಿನ್ನ ಪತ್ರವನ್ನೂ ಶಿವು ಕಳಿಸಿದ ವರದಿಯನ್ನೂ ನಾಲ್ಕು ಸಲ ಓದಿದೆ. ‘ಗಡ್ಡೆಯೊಳಗೆ ರಕ್ತಸಂಚಾರ ಕಾಣಿಸಲಿಲ್ಲ’ ಎಂಬ ಸಾಲಿಗೆ ಈರಣ್ಣ ಕಾಕಾ ‘ಲಿವರ್ ಸತ್ತಿದೆ’ ಎಂದು ಅರ್ಥ ಹೇಳಿದರಂತೆ. ಖಂಡಿತ ಹಾಗಲ್ಲ ಅವ್ವ. ಅಪ್ಪನ ಲಿವರ್‌ನಲ್ಲಿರುವ ಗಡ್ಡೆ 3 ಸೆಂಟಿಮೀಟರ್, ಸ್ಕ್ಯಾನಿನಲ್ಲಿ ಬೆಳ್ಳಗೆ, ಅಂಚು ಸ್ಪಷ್ಟ. ಇಂಥವನ್ನು ನಾನು ಇಲ್ಲಿ ಎಷ್ಟೋ ನೋಡಿದ್ದೇನೆ. ಹೆಚ್ಚಿನವು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳೇ ಗಂಟುಕಟ್ಟಿದ ನಿರುಪದ್ರವಿ ಗಡ್ಡೆ. ಒಳಗೆ ರಕ್ತ ತುಂಬಿಯೇ ಇರುತ್ತದೆ, ಆದರೆ ನಮ್ಮ ಎರೆ ಹೊಲದಲ್ಲಿ ನೀರು ಇಂಗುವಷ್ಟು ನಿಧಾನ. ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಹಿಡಿಯುವುದು ಓಟವನ್ನು. ಅಷ್ಟು ಮೆಲ್ಲಗಿನದು ಅದಕ್ಕೆ ಸಿಗುವುದಿಲ್ಲ.

ಪರದೆಯ ಮೇಲಿನ ಕೆಂಪು ಒಳ್ಳೆಯ ರಕ್ತ, ನೀಲಿ ಕೆಟ್ಟ ರಕ್ತ ಎಂಬುದೂ ಸುಳ್ಳು. ಗದಗ ಸ್ಟೇಷನ್ನಿನಲ್ಲಿ ನಿಲ್ಲದ ಗೂಡ್ಸ್ ಗಾಡಿಯ ಸೀಟಿಗೆ ಬರುವಾಗ ಒಂದು ದನಿ, ದಾಟಿದ ಮೇಲೆ ಇನ್ನೊಂದು ಅಲ್ಲವೇ? ಹಾಗೆಯೇ ಪ್ರೋಬಿನ, ಅಂದರೆ ಹೊಟ್ಟೆಯ ಮೇಲೆ ಇಟ್ಟು ನೋಡುವ ಉಪಕರಣದ ಕಡೆಗೆ ಬರುವ ರಕ್ತಕ್ಕೆ ಸಾಮಾನ್ಯವಾಗಿ ಕೆಂಪು, ದೂರ ಹೋಗುವುದಕ್ಕೆ ನೀಲಿ.

ನಾವು ಹೆದರುವ ಚಿತ್ರವೇ ಬೇರೆ. ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯ ಪೋರ್ಟಲ್ ಅಭಿಧಮನಿಯಿಂದ ಬರುತ್ತದೆ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಹೃದಯದ ಕಡೆಯಿಂದ ಬರುವ ಅಪಧಮನಿಯ ರಕ್ತವನ್ನೇ ಹೀರುತ್ತದೆ. ಆಗ ಗಡ್ಡೆಯ ಸುತ್ತ ಬುಟ್ಟಿ ಹೆಣೆದಂತೆ ನಾಳಗಳು, ಒಳಗೂ ನಾಡಿಯಂತೆ ಮಿಡಿಯುವ ಹರಿವು ಕಾಣಬಹುದು. ಅಪ್ಪನ ವರದಿಯಲ್ಲಿ ಅದಿಲ್ಲ.

ಆದರೂ ಇಷ್ಟಕ್ಕೇ ಬಿಡುವಂತಿಲ್ಲ. ಗಡ್ಡೆ ಆಳದಲ್ಲಿದ್ದರೆ, ರೋಗಿ ಉಸಿರು ಹಿಡಿಯದಿದ್ದರೆ ಇರುವ ಹರಿವೂ ಕಣ್ತಪ್ಪುತ್ತದೆ. ಅಪ್ಪನಿಗೆ ಉಸಿರು ಹಿಡಿದಿಡಲು ಆಗುವುದಿಲ್ಲವೆಂದು ನನಗೆ ಗೊತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ನಾಳಗಳು ಎದ್ದು ಕಾಣಲು ಕಾಂಟ್ರಾಸ್ಟ್ ಎಂಬ ಔಷಧ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಮಾಡಿಸಿ. ಹೆಮಾಂಜಿಯೋಮಾ ಆಗಿದ್ದರೆ ಆ ಔಷಧ ಅಂಚಿನಿಂದ ಒಳಕ್ಕೆ ಮೆಲ್ಲಗೆ ತುಂಬುತ್ತದೆ. ಮೊದಲು ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ. ಅಲ್ಲಿಯವರೆಗೆ ಗಡ್ಡೆಯ ತುಣುಕು ತೆಗೆಯಲು ಸೂಜಿ ಚುಚ್ಚಿಸಬೇಡಿ ಎಂದು ಶಿವುವಿಗೆ ಒತ್ತಿ ಹೇಳು. ನಾಳದ ಗಂಟಾಗಿದ್ದರೆ ರಕ್ತ ಸುರಿದೀತು.

ಇಲ್ಲಿ ಡಾಕ್ಟರಲ್ಲದ ನಮ್ಮಂಥ ಸೋನೋಗ್ರಾಫರ್‌ಗಳೇ ಸ್ಕ್ಯಾನ್ ಮಾಡಿ ವರದಿಯನ್ನೂ ಬರೆಯುತ್ತೇವೆ ಎಂದರೆ ಕಾಕಾ ನಂಬುವುದಿಲ್ಲ, ನೀನಾದರೂ ನಂಬು. ತಣ್ಣನೆಯ ಜೆಲ್ ತಗುಲಿ ಬೆಚ್ಚಿದ ರೋಗಿಗಳು ತಾವೇ ನನ್ನ ಕ್ಷಮೆ ಕೇಳುತ್ತಾರೆ. ಎಂಥ ಜನ!

ಖರ್ಚಿಗೆ ಮೂವತ್ತು ಸಾವಿರ ಕಳಿಸಿದ್ದೇನೆ. ಸಾಲದಿದ್ದರೆ ಮುಚ್ಚಿಡಬೇಡ. ಅಪ್ಪನಿಗೆ ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ. ಸಿ.ಟಿ. ಆದ ದಿನವೇ ಚಿತ್ರಗಳನ್ನು ಕಳಿಸಿ, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಬೆಳಿಗ್ಗೆ ಬೇಗ ಡ್ಯೂಟಿ ಇದೆ, ನಿಲ್ಲಿಸುತ್ತೇನೆ.

ನಿನ್ನ ಮಗಳು
ಗಿರಿಜಾ