ಕೊಳದ ನೀರು ಆಟಿಕೆ ತೊಳೆಯುವುದಿಲ್ಲ

ಮಾನ್ಯರೇ,

ಕೋವಿಡ್ ನಿರ್ಬಂಧದಿಂದ ಮುಚ್ಚಿದ್ದ ಈಜುಕೊಳಗಳು 2021ರ ಫೆಬ್ರುವರಿ 1ರಿಂದ ಎಲ್ಲರಿಗೂ ತೆರೆದವು. ಆಗಿನ ಎಚ್ಚರ ಈಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಷ್ಟೋ ಹೋಂಸ್ಟೇಗಳಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಹೊರಟ ಅತಿಥಿಗಳ ಮಕ್ಕಳು ಬಿಟ್ಟುಹೋದ ಟ್ಯೂಬು, ಚೆಂಡು ಮಧ್ಯಾಹ್ನ ಬಂದವರ ಮಕ್ಕಳ ಕೈಗೆ ಹಾಗೇ ಸೇರುತ್ತವೆ. ಕೇಳಿದರೆ, ‘ಕ್ಲೋರಿನ್ ನೀರಲ್ಲೇ ಇದ್ದವಲ್ಲ’ ಎನ್ನುತ್ತಾರೆ.

ಈ ನಂಬಿಕೆ ತಪ್ಪು. ಕೊಳದಲ್ಲಿರುವುದು ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್. ಆಟಿಕೆಯ ಸೋಂಕು ಕಳೆಯಲು ಸುಮಾರು 1,000 ಮಿಲಿಗ್ರಾಂ ಬೇಕು. ಸನ್‌ಸ್ಕ್ರೀನ್, ತಲೆಗೂದಲ ಎಣ್ಣೆ ಮೆತ್ತಿದ ಟ್ಯೂಬಿನ ಮೇಲೆ ಲೋಳೆ ಕಟ್ಟುತ್ತದೆ. ಅದರಡಿ ಅಡಗಿದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದಿಂದಲೇ ಮೈಮೇಲೆ ಗುಳ್ಳೆ, ಕಿವಿನೋವು ಬರುವುದುಂಟು.

ಮೊದಲು ಸೋಪು ನೀರಿನಲ್ಲಿ ಉಜ್ಜಿ ಜಿಡ್ಡು ತೆಗೆಯಬೇಕು. ಜಿಡ್ಡು ಉಳಿದರೆ ಕ್ಲೋರಿನ್ ಅದರ ಮೇಲೇ ಖರ್ಚಾಗುತ್ತದೆ. ಆಮೇಲೆ 4% ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) 250 ಮಿ.ಲೀ.ಗೆ ನೀರು ಸೇರಿಸಿ 10 ಲೀಟರ್ ಮಾಡಿ, ಅದರಲ್ಲಿ ಆಟಿಕೆ ಪೂರ್ತಿ ಮುಳುಗುವಂತೆ 10 ನಿಮಿಷ ಇಡಬೇಕು. ತೇಲುವುದಕ್ಕೆ ಮೇಲೊಂದು ಭಾರ ಹೇರಿ. ಈ ದ್ರಾವಣದ ಶಕ್ತಿ ಇಳಿಯುವುದರಿಂದ ದಿನವೂ ಹೊಸದು ಬೇಕು. ಕೈಗವಸು ಹಾಕಿಕೊಂಡು, ಗಾಳಿಯಾಡುವಲ್ಲಿ ಬೆರೆಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಇದಕ್ಕೆ ಎಂದೂ ಬೀಳಕೂಡದು, ವಿಷಾನಿಲ ಬರುತ್ತದೆ.

ಕೊನೆಗೆ ಒಳ್ಳೆಯ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಸುಡುಬಿಸಿಲಿಗೆ ಟ್ಯೂಬಿನ ಪಿವಿಸಿ ಪ್ಲಾಸ್ಟಿಕ್ ಬಿರಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಂದೇ ದಿನಕ್ಕೆ ಒಣಗುವ ಮಾತೇ ಇಲ್ಲ. ಹಾಗಾಗಿ ಮೂರು ಸೆಟ್ ಇಡಿ: ಒಂದು ಬಳಕೆಗೆ, ಒಂದು ಫ್ಯಾನಿನಡಿ, ಇನ್ನೊಂದು ಮುಂದಿನ ಅತಿಥಿಗೆ.

ಹಿಂಡಿದರೆ ನೀರು ಚಿಮ್ಮುವ ಟೊಳ್ಳು ರಬ್ಬರ್ ಬಾತುಕೋಳಿ ಬೇಡವೇ ಬೇಡ. ಅದರ ಹೊಟ್ಟೆಯೊಳಗಿನ ಬೂಸ್ಟು ತೊಳೆಯಲು ಬರುವುದಿಲ್ಲ. ನೀರು ಹೀರುವ ಸ್ಪಾಂಜಿನ ಆಟಿಕೆಗಳೂ ಬೇಡ. ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು, ಉಂಗುರ ಸಾಕು. ಟ್ಯೂಬಿಗೆ ಬಾಯಿಂದ ಊದದೆ ಕಾಲುಪಂಪು ಬಳಸಿ. ಈಜುಗನ್ನಡಕವನ್ನು ಅತಿಥಿಗಳೇ ತರಲಿ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ಹರಡಿದ್ದು ಯಾರೂ ಮರೆತಿಲ್ಲ. ಭೇದಿ ಇರುವ ಮಗುವನ್ನು ನೀರಿಗಿಳಿಸಬೇಡಿ ಎಂದು ಕೊಠಡಿ ಕೊಡುವಾಗಲೇ ಹೇಳಬೇಕು: ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್ ನೀರಲ್ಲೂ ವಾರಕ್ಕಿಂತ ಹೆಚ್ಚು ಬದುಕುತ್ತದೆ.

ಆಟ ಮುಗಿದೊಡನೆ ಎಲ್ಲವನ್ನೂ ಎತ್ತಿ ಬೀಗದೊಳಗಿಡಿ. ತೇಲುವ ಬಣ್ಣದ ಚೆಂಡು ಕಂಡರೆ ಪುಟ್ಟ ಮಗು ಒಬ್ಬಂಟಿಯಾಗಿ ಕೊಳದತ್ತ ಓಡುತ್ತದೆ. ಟ್ಯೂಬು ಲೈಫ್ ಜಾಕೆಟ್ ಅಲ್ಲ.

ಹೋಂಸ್ಟೇ ತಪಾಸಣೆಗೆ ಬರುವ ಪ್ರವಾಸೋದ್ಯಮ ಇಲಾಖೆಯವರು ಕೊಳದ ಕ್ಲೋರಿನ್, ಪಿಎಚ್ ದಾಖಲೆಯ ಜತೆಗೆ ಆಟಿಕೆ ತೊಳೆಯುವ ಜಾಗವನ್ನೂ ನೋಡಲಿ.

— ಈಜುಕೊಳ ನಿರ್ವಾಹಕರು, ಸಕಲೇಶಪುರ